ಬಂದವರು, ನಿಂತವರು: ಬೆಂಗಳೂರು ಫುಟ್‌ಬಾಲ್ ಕ್ಲಬ್ಬಿನ ಆಟಗಾರರು

ಬೆಂಗಳೂರು ಫುಟ್‌ಬಾಲ್ ಕ್ಲಬ್ ಹುಟ್ಟಿದ್ದು 2013ರ ಜುಲೈ ತಿಂಗಳಲ್ಲಿ. ಜೆಎಸ್‌ಡಬ್ಲ್ಯು ಸಮೂಹ ಅದನ್ನು ಕಟ್ಟಿತು. ಆಗ ದೇಶದ ಅತ್ಯುನ್ನತ ಫುಟ್‌ಬಾಲ್ ಪಂದ್ಯಾವಳಿ ಐ-ಲೀಗ್. ಹೊಸ ಕ್ಲಬ್ಬಿಗೆ ಅದರಲ್ಲಿ ನೇರ ಪ್ರವೇಶ ಸಿಕ್ಕಿತು. ಅಲ್ಲಿಂದ ಇಲ್ಲಿಯವರೆಗೆ ಈ ಕ್ಲಬ್ಬಿನ ನೀಲಿ ಅಂಗಿ ತೊಟ್ಟವರಲ್ಲಿ ಮಣಿಪುರದವರಿದ್ದಾರೆ, ಮಿಜೋರಾಂ, ಮೇಘಾಲಯದವರಿದ್ದಾರೆ, ಕೇರಳ, ಪಂಜಾಬಿನವರಿದ್ದಾರೆ. ಇಂಗ್ಲೆಂಡ್, ಸ್ಪೇನ್, ಕೀನ್ಯಾ, ವೆನೆಜುವೆಲಾ, ಆಸ್ಟ್ರೇಲಿಯಾದಿಂದ ಬಂದವರಿದ್ದಾರೆ. ಕೆಲವರು ಒಂದೇ ಋತುವಿಗೆ ಬಂದು ಹೋದರು. ಕೆಲವರು ವರ್ಷಗಟ್ಟಲೆ ನಿಂತರು. ಕ್ಲಬ್ಬಿನ ಏಳುಬೀಳುಗಳನ್ನು ಸಾಲಾಗಿ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ನಿಂತ ಆಟಗಾರರು ಒಟ್ಟಿಗಿದ್ದಾಗ ಕ್ಲಬ್ ಹೆಚ್ಚಾಗಿ ಗೆದ್ದಿದೆ, ಆ ಗುಂಪು ಚದುರಿದಾಗ ಹಲವು ಸಲ ತಡವರಿಸಿದೆ.

ಬೆಂಗಳೂರಿನ ಫುಟ್‌ಬಾಲ್ ಮಾತ್ರ ಈ ಕ್ಲಬ್ಬಿಗಿಂತ ಬಹಳ ಹಳೆಯದು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಬ್ರಿಟಿಷ್ ಸೈನ್ಯದ ತಂಡಗಳೇ ಆಳುತ್ತಿದ್ದ ಪಂದ್ಯಾವಳಿಯಲ್ಲಿ ಅದು ದೊಡ್ಡ ಸಾಧನೆ. ಮರುವರ್ಷವೂ ಅದೇ ತಂಡ ಕಪ್ ಎತ್ತಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಎದುರಾಳಿ ಫ್ರಾನ್ಸ್. ಭಾರತದ ಬಹುತೇಕ ಆಟಗಾರರು ಬರಿಗಾಲಲ್ಲೇ ಆಡಿದ ಆ ಪಂದ್ಯವನ್ನು ಫ್ರಾನ್ಸ್ 2–1ರಿಂದ ಗೆದ್ದಿತು. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಮುಂದೆ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನ ಹೆಸರಾಂತ ಐವರು ಮುನ್ಪಡೆ ಆಟಗಾರರಲ್ಲಿ ಒಬ್ಬರಾದರು. ಆ ಐವರನ್ನು ಬಂಗಾಳದ ಜನ ಪಂಚಪಾಂಡವರೆಂದೇ ಕರೆದರು. ಹೀಗೆ ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಪ್ರತಿಭೆ ಹೆಸರು ಮಾಡಲು ಕೋಲ್ಕತ್ತಕ್ಕೆ ಹೋಗಬೇಕಾಗಿತ್ತು. ಊರಿನಲ್ಲೇ ಉಳಿದವರಿಗೆ ಎಚ್‌ಎಎಲ್, ಐಟಿಐನಂಥ ಕಾರ್ಖಾನೆಗಳ ತಂಡಗಳು ಆಸರೆ.

ರಾಜ್ಯದ ಉತ್ತರ ತುದಿಯ ಬೀದರ್ ಜಿಲ್ಲೆಯ ಫುಟ್‌ಬಾಲ್ ನಂಟು ಆ ಕಾಲದಲ್ಲಿ ಬೇರೆ ದಿಕ್ಕಿನದು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಬೀದರ್ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ಆ ರಾಜ್ಯದ ರಾಜಧಾನಿಯ ಪೊಲೀಸ್ ತಂಡ, ಹೈದರಾಬಾದ್ ಸಿಟಿ ಪೊಲೀಸ್, 1950ರಿಂದ 1954ರವರೆಗೆ ಸತತ ಐದು ವರ್ಷ ರೋವರ್ಸ್ ಕಪ್ ಗೆದ್ದಿತು. ತಂಡವನ್ನು ತಿದ್ದಿದವರು ಶಾಲಾ ಮಾಸ್ತರರಾಗಿದ್ದ ಸೈಯದ್ ಅಬ್ದುಲ್ ರಹೀಮ್. ಭಾರತ ತಂಡದ ತರಬೇತಿಯನ್ನೂ ಅವರೇ ವಹಿಸಿಕೊಂಡರು. 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಮತ್ತು 1962ರ ಜಕಾರ್ತಾ ಕೂಟದಲ್ಲಿ ಭಾರತಕ್ಕೆ ಫುಟ್‌ಬಾಲ್ ಚಿನ್ನ ಬಂದದ್ದು ಅವರ ಕೈಕೆಳಗೆ. ಸಿಟಿ ಪೊಲೀಸ್ ತಂಡದ ಅಜೀಜುದ್ದೀನ್, ನೂರ್ ಮಹಮ್ಮದ್, ಮೊಯಿನುದ್ದೀನ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದಲ್ಲಿದ್ದರು. ಬೀದರಿಗೆ ಹೈದರಾಬಾದ್ ಸುಮಾರು 140 ಕಿಲೋಮೀಟರ್, ಬೆಂಗಳೂರು ಸುಮಾರು 700 ಕಿಲೋಮೀಟರ್. ಈ ಭಾಗದಲ್ಲಿ ಫುಟ್‌ಬಾಲಿನ ಮಾತು ಬಂದಾಗ ಹೈದರಾಬಾದಿನ ಹೆಸರು ಮೊದಲು ಬರುವುದು ಸಹಜ.

ಸಿಟಿ ಪೊಲೀಸ್, ಎಚ್‌ಎಎಲ್, ಐಟಿಐ ತಂಡಗಳ ಆಟಗಾರರು ಇಲಾಖೆಯ ಅಥವಾ ಕಾರ್ಖಾನೆಯ ನೌಕರರು. ಆಟ ಮುಗಿದ ಮೇಲೂ ನೌಕರಿ ಉಳಿಯುತ್ತಿತ್ತು, ಕೊನೆಗೆ ಪಿಂಚಣಿಯೂ ಬರುತ್ತಿತ್ತು. ವೃತ್ತಿಪರ ಕ್ಲಬ್ಬಿನ ವ್ಯವಸ್ಥೆ ಹಾಗಲ್ಲ. ಅಲ್ಲಿ ಆಟವೇ ಕೆಲಸ. ಆಟಗಾರ ಒಂದು, ಎರಡು ಅಥವಾ ಮೂರು ವರ್ಷದ ಕರಾರಿಗೆ ಸಹಿ ಹಾಕುತ್ತಾನೆ. ಕರಾರು ಮುಗಿದರೆ ಬೇರೆ ಕ್ಲಬ್ ಹುಡುಕಿಕೊಳ್ಳಬೇಕು. ಕರಾರಿನ ನಡುವೆ ಬೇರೆ ಕ್ಲಬ್ಬಿಗೆ ಬೇಕಾದರೆ ಆ ಕ್ಲಬ್ ಹಣ ಕೊಟ್ಟು ಬಿಡಿಸಿಕೊಳ್ಳಬೇಕು, ಇಲ್ಲವೇ ಕೆಲ ತಿಂಗಳ ಮಟ್ಟಿಗೆ ಎರವಲು ಪಡೆಯಬೇಕು. ಬೆಳಗಿನ ತಾಲೀಮು, ಊಟದ ಪಟ್ಟಿ, ನಿದ್ದೆಯ ಸಮಯ, ಗಾಯದ ಆರೈಕೆ ಎಲ್ಲವೂ ಕ್ಲಬ್ಬಿನ ನಿಗಾದಲ್ಲಿ. ಆದಾಯ ಹೆಚ್ಚು, ಅನಿಶ್ಚಿತತೆಯೂ ಹೆಚ್ಚು. ಸರಾಸರಿ ಆಟಗಾರನ ದುಡಿಮೆ ಮೂವತ್ತೈದರ ಆಸುಪಾಸಿನಲ್ಲಿ ಮುಗಿಯುತ್ತದೆ. ಇಂಥ ವ್ಯವಸ್ಥೆಯಲ್ಲಿ ಒಬ್ಬ ಆಟಗಾರ ಒಂದೇ ಕ್ಲಬ್ಬಿನಲ್ಲಿ ಐದಾರು ವರ್ಷ ನಿಲ್ಲುವುದು ಸಣ್ಣ ಸಂಗತಿಯಲ್ಲ.

2013ರ ಮೊದಲ ತಂಡವನ್ನು ಕಟ್ಟಿದವರು ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್. ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬಿನ ಯುವ ತಂಡದಲ್ಲಿ ಬೆಳೆದ ಅವರಿಗೆ ಮುಖ್ಯ ಕೋಚ್ ಆಗಿ ಇದು ಮೊದಲ ದೊಡ್ಡ ಹೊಣೆ. ರಕ್ಷಣೆಯ ನಡುವಿಗೆ ಇಂಗ್ಲೆಂಡಿನ ಜಾನ್ ಜಾನ್ಸನ್ ಮತ್ತು ಕೀನ್ಯಾದ ಕರ್ಟಿಸ್ ಒಸಾನೊ ಬಂದರು. ಮುನ್ಪಡೆಗೆ ಆಸ್ಟ್ರೇಲಿಯಾದ ಶಾನ್ ರೂನಿ ಮತ್ತು ರಾಬಿನ್ ಸಿಂಗ್, ಗೋಲಿಗೆ ಪವನ್ ಕುಮಾರ್, ರಕ್ಷಣೆಯ ಬಲಬದಿಗೆ ಕೇರಳದ ರಿನೊ ಆಂಟೊ ಸೇರಿದರು. ನಡುಮೈದಾನದಲ್ಲಿ ಬೆಂಗಳೂರಿನವರೇ ಆದ ಶಂಕರ್ ಸಂಪಂಗಿರಾಜ್ ಇದ್ದರು. ಇವರೆಲ್ಲರ ನಡುವೆ ದೇಶವೇ ಬಲ್ಲ ಒಬ್ಬ ಆಟಗಾರ: ಭಾರತ ತಂಡದ ನಾಯಕ ಸುನಿಲ್ ಛೆಟ್ರಿ. 1984ರ ಆಗಸ್ಟ್ 3ರಂದು ಸಿಕಂದರಾಬಾದಿನಲ್ಲಿ ಹುಟ್ಟಿದ ಛೆಟ್ರಿ ಅದಾಗಲೇ ಕೋಲ್ಕತ್ತ, ಗೋವಾ, ಅಮೆರಿಕ, ಪೋರ್ಚುಗಲ್‌ಗಳ ಕ್ಲಬ್‌ಗಳನ್ನು ಕಂಡು ಬಂದಿದ್ದರು.

ಮೊದಲ ಋತುವಿನ ಮನೆಯಂಗಳ ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣ. ಕೃತಕ ಹುಲ್ಲಿನ, ಚಿಕ್ಕ ಮೈದಾನ ಅದು. 2013ರ ಸೆಪ್ಟೆಂಬರ್ 22ರಂದು ಅಲ್ಲಿ ಮೊದಲ ಲೀಗ್ ಪಂದ್ಯ. ಎದುರಿಗೆ ಕೋಲ್ಕತ್ತದ ಮೋಹನ್ ಬಾಗಾನ್. ಕ್ಲಬ್ಬಿನ ಇತಿಹಾಸದ ಮೊದಲ ಗೋಲನ್ನು ಶಾನ್ ರೂನಿ ಹೊಡೆದರು. ಪಂದ್ಯ 1–1ರಲ್ಲಿ ಸಮವಾಯಿತು. ಋತು ಸಾಗಿದಂತೆ ಹೊಸ ತಂಡ ಎಲ್ಲರನ್ನೂ ಹಿಂದೆ ಹಾಕಿತು. 2014ರ ಏಪ್ರಿಲ್ 21ರಂದು ಮಡಗಾಂವಿನಲ್ಲಿ ಡೆಂಪೊ ತಂಡವನ್ನು 4–2ರಿಂದ ಸೋಲಿಸಿ ಬೆಂಗಳೂರು ಐ-ಲೀಗ್ ಪ್ರಶಸ್ತಿಯನ್ನು ಖಚಿತಪಡಿಸಿಕೊಂಡಿತು. ಆಡಿದ ಮೊದಲ ವರ್ಷವೇ ಐ-ಲೀಗ್ ಗೆದ್ದ ಮೊದಲ ಕ್ಲಬ್ ಅದು. ವೆಸ್ಟ್‌ವುಡ್ ತಂಡದ ಬಲ ದೈಹಿಕ ಸಿದ್ಧತೆಯಲ್ಲಿತ್ತು. ಎದುರಾಳಿಗಳು ದಣಿಯುವ ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ಇವರು ಇನ್ನೂ ಓಡುತ್ತಿದ್ದರು.

ಎರಡನೇ ಋತುವಿಗೆ ಕ್ಲಬ್ ಕಂಠೀರವ ಕ್ರೀಡಾಂಗಣಕ್ಕೆ ಸ್ಥಳಾಂತರವಾಯಿತು. ಅಭಿಮಾನಿಗಳು ಪಶ್ಚಿಮದ ಗ್ಯಾಲರಿಯಲ್ಲಿ ಸೇರತೊಡಗಿದರು. ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಹೆಸರಿನ ಆ ಗುಂಪು ತೊಂಬತ್ತು ನಿಮಿಷವೂ ನಿಂತೇ ಹಾಡುತ್ತದೆ. ಈ ವರ್ಷ ಬಂದವರಲ್ಲಿ ಇಬ್ಬರು ಮುಖ್ಯರು. ಒಬ್ಬರು ಶಿಲ್ಲಾಂಗಿನ ಯೂಜಿನ್ಸನ್ ಲಿಂಗ್ಡೊ. ಚೆಂಡನ್ನು ಅಳತೆ ಮಾಡಿದಂತೆ ಸಾಗಿಸುವ ಈ ನಡುಮೈದಾನದ ಆಟಗಾರ 2015ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ವರ್ಷದ ಆಟಗಾರ ಪ್ರಶಸ್ತಿ ಪಡೆದರು. ಇನ್ನೊಬ್ಬರು ಮಣಿಪುರದ ಉದಾಂತ ಸಿಂಗ್. ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಕಲಿತು ಬಂದ, ಬಲಬದಿಯಲ್ಲಿ ಮಿಂಚಿನ ಓಟ ಓಡುವ ಹುಡುಗ. ಅವರು 2023ರವರೆಗೆ, ಅಂದರೆ ಒಂಬತ್ತು ವರ್ಷ, ಈ ಕ್ಲಬ್ಬಿನಲ್ಲೇ ಇದ್ದರು.

2015ರ ಜನವರಿಯಲ್ಲಿ ಡೆಂಪೊ ವಿರುದ್ಧ 2–1ರಿಂದ ಗೆದ್ದು ಬೆಂಗಳೂರು ಫೆಡರೇಷನ್ ಕಪ್ ಎತ್ತಿತು. ಲೀಗ್ ಮಾತ್ರ ಕೈತಪ್ಪಿತು. 2015ರ ಮೇ 31, ಲೀಗಿನ ಕೊನೆಯ ದಿನ, ಕಂಠೀರವದಲ್ಲಿ ಮೋಹನ್ ಬಾಗಾನ್ ಎದುರು ಬೆಂಗಳೂರಿಗೆ ಗೆಲುವೇ ಬೇಕಿತ್ತು. ಬಾಗಾನಿಗೆ ಸಮವಾದರೂ ಸಾಕಿತ್ತು. ಮಳೆಯಲ್ಲಿ ನಡೆದ ಪಂದ್ಯದಲ್ಲಿ ಜಾನ್ ಜಾನ್ಸನ್ ಗೋಲು ಹೊಡೆದು ಮುನ್ನಡೆ ಕೊಟ್ಟರು. ಪಂದ್ಯ ಮುಗಿಯಲು ಕೆಲವೇ ನಿಮಿಷ ಇರುವಾಗ ಬಾಗಾನಿನ ಬೆಲ್ಲೊ ರಜಾಕ್ ಕಾರ್ನರ್ ಕಿಕ್‌ಗೆ ತಲೆಕೊಟ್ಟು ಚೆಂಡನ್ನು ಬಲೆಗೆ ಸೇರಿಸಿದರು. 1–1. ಪ್ರಶಸ್ತಿ ಕೋಲ್ಕತ್ತಕ್ಕೆ ಹೋಯಿತು. ಪ್ರಶಸ್ತಿ ತಪ್ಪಿದ ನೋವು ಅನುಭವಿಸಿದ ತಂಡದ ತಿರುಳು ಮರುವರ್ಷವೂ ಹಾಗೇ ಉಳಿಯಿತು. ಜಾನ್ಸನ್, ಒಸಾನೊ, ರಿನೊ, ಲಿಂಗ್ಡೊ, ಛೆಟ್ರಿ, ಉದಾಂತ, ಕೇರಳದ ಸಿ. ಕೆ. ವಿನೀತ್ ಇವರೆಲ್ಲ ಸೇರಿ 2015–16ರ ಐ-ಲೀಗನ್ನು ಮರಳಿ ಗೆದ್ದರು.

ಈ ವರ್ಷಗಳಲ್ಲಿ ದೇಶದಲ್ಲಿ ಎರಡು ಲೀಗ್‌ಗಳು ನಡೆಯುತ್ತಿದ್ದವು. 2014ರಲ್ಲಿ ಆರಂಭವಾದ ಇಂಡಿಯನ್ ಸೂಪರ್ ಲೀಗ್ ವರ್ಷದ ಕೊನೆಯ ಎರಡು ಮೂರು ತಿಂಗಳಲ್ಲಿ ಮುಗಿಯುತ್ತಿತ್ತು. ಐ-ಲೀಗ್ ಅದರ ಬೆನ್ನಿಗೆ ಬರುತ್ತಿತ್ತು. ಹಾಗಾಗಿ ಬೆಂಗಳೂರಿನ ಆಟಗಾರರು ನಡುವೆ ಸೂಪರ್ ಲೀಗಿನ ತಂಡಗಳಿಗೆ ಹೋಗಿ ಆಡಿ ಮರಳಿ ಬರುತ್ತಿದ್ದರು. 2015ರ ಜುಲೈನಲ್ಲಿ ನಡೆದ ಹರಾಜಿನಲ್ಲಿ ಛೆಟ್ರಿಯವರನ್ನು ಮುಂಬೈ ಸಿಟಿ ತಂಡ 1 ಕೋಟಿ 20 ಲಕ್ಷ ರೂಪಾಯಿಗೆ ಪಡೆಯಿತು. ಲಿಂಗ್ಡೊ ಅವರಿಗೆ ಪುಣೆ ತಂಡ 1 ಕೋಟಿ 5 ಲಕ್ಷ ಕೊಟ್ಟಿತು. ರಿನೊ ಆಂಟೊ 90 ಲಕ್ಷಕ್ಕೆ ಕೋಲ್ಕತ್ತದ ತಂಡ ಸೇರಿದರು. ಹರಾಜಿನ ಅತಿ ಹೆಚ್ಚಿನ ಬೆಲೆಗಳು ಬೆಂಗಳೂರಿನ ಆಟಗಾರರಿಗೇ ಬಂದವು. ಕ್ಲಬ್ ಎಂಥವರನ್ನು ಕೂಡಿಸಿತ್ತು ಎಂಬುದಕ್ಕೆ ಆ ಬೆಲೆಗಳೇ ಸಾಕ್ಷಿ.

2016ರ ಮಧ್ಯದಲ್ಲಿ ವೆಸ್ಟ್‌ವುಡ್ ಹೊರಟರು. ಸ್ಪೇನಿನ ಆಲ್ಬರ್ಟ್ ರೋಕಾ ಬಂದರು. ಬಾರ್ಸಿಲೋನಾ ಕ್ಲಬ್ಬಿನಲ್ಲಿ ಸಹಾಯಕ ಕೋಚ್ ಆಗಿದ್ದ ರೋಕಾ, ಚೆಂಡನ್ನು ತಮ್ಮಲ್ಲೇ ಇಟ್ಟುಕೊಂಡು ಸಣ್ಣ ಪಾಸುಗಳಿಂದ ಮುನ್ನಡೆಯುವ ಆಟವನ್ನು ಕಲಿಸಿದರು. ರಕ್ಷಣೆಗೆ ಸ್ಪೇನಿನ ಹುವಾನನ್ ಬಂದರು. ಮುಂದಿನ ಐದು ವರ್ಷ ಅವರು ಬೆಂಗಳೂರು ಬಿಡಲಿಲ್ಲ. ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಪಂದ್ಯಾವಳಿಯಲ್ಲಿ ಬೆಂಗಳೂರು ಸೆಮಿಫೈನಲ್ ತಲುಪಿತು. ಎದುರಾಳಿ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್. ಮಲೇಷ್ಯಾದಲ್ಲಿ ನಡೆದ ಮೊದಲ ಪಂದ್ಯ 1–1. ಎರಡನೇ ಪಂದ್ಯ 2016ರ ಅಕ್ಟೋಬರ್ 19ರಂದು ಕಂಠೀರವದಲ್ಲಿ. ಆರಂಭದಲ್ಲೇ ಜೊಹೊರ್ ಗೋಲು ಹೊಡೆದು ಮೈದಾನವನ್ನು ಮೌನವಾಗಿಸಿತು. ವಿರಾಮಕ್ಕೆ ಮುನ್ನ ಛೆಟ್ರಿ ತಲೆಯಿಂದ ಹೊಡೆದು ಸಮ ಮಾಡಿದರು. ವಿರಾಮದ ನಂತರ ಅವರೇ ದೂರದಿಂದ ಬಲವಾಗಿ ಒದ್ದ ಚೆಂಡು ಮತ್ತೊಮ್ಮೆ ಬಲೆ ಸೇರಿತು. ಮೂರನೆಯದನ್ನು ಹುವಾನನ್ ಹೊಡೆದರು. 3–1. ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎಂಬ ಹೆಗ್ಗಳಿಕೆ ಬೆಂಗಳೂರಿನದಾಯಿತು.

ಆ ಗೆಲುವಿಗೆ ಒಂದು ಬೆಲೆಯೂ ಇತ್ತು. ಗೋಲ್‌ಕೀಪರ್ ಅಮರಿಂದರ್ ಸಿಂಗ್ ಹಳದಿ ಕಾರ್ಡುಗಳ ಕಾರಣ ಫೈನಲ್‌ನಲ್ಲಿ ಆಡುವಂತಿರಲಿಲ್ಲ. ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ಅಲ್-ಕುವಾ ಅಲ್-ಜಾವಿಯಾ ತಂಡದ ಎದುರು ಗೋಲು ಕಾಯ್ದವರು ಮಿಜೋರಾಂನ ಲಾಲ್ತುವಮ್ಮಾವಿಯಾ ರಾಲ್ಟೆ. ಹಮ್ಮಾದಿ ಅಹ್ಮದ್ ಹೊಡೆದ ಒಂದೇ ಗೋಲಿನಿಂದ ಬೆಂಗಳೂರು ಸೋತಿತು. 2017ರ ಮೇನಲ್ಲಿ ಕಟಕ್‌ನಲ್ಲಿ ನಡೆದ ಫೆಡರೇಷನ್ ಕಪ್ ಫೈನಲ್‌ನಲ್ಲಿ ಹೆಚ್ಚುವರಿ ಅವಧಿಯಲ್ಲಿ ವಿನೀತ್ ಎರಡು ಗೋಲು ಹೊಡೆದು ಮೋಹನ್ ಬಾಗಾನನ್ನು 2–0ಯಿಂದ ಸೋಲಿಸಿದರು. ವಿನೀತ್ ಈ ಕ್ಲಬ್ಬಿಗೆ ಕೊಟ್ಟ ಕೊನೆಯ ಕಾಣಿಕೆ ಅದು.

2017ರಲ್ಲಿ ಕ್ಲಬ್ ಐ-ಲೀಗ್ ಬಿಟ್ಟು ಇಂಡಿಯನ್ ಸೂಪರ್ ಲೀಗ್ ಸೇರಿತು. ನಿಯಮದ ಪ್ರಕಾರ ಕೆಲವೇ ಹಳಬರನ್ನು ಉಳಿಸಿಕೊಳ್ಳಬಹುದಿತ್ತು. ಉಳಿದ ಭಾರತೀಯ ಆಟಗಾರರನ್ನು ಆಯ್ಕೆ ಸುತ್ತಿನಲ್ಲಿ ಹೊಸದಾಗಿ ಆರಿಸಿಕೊಳ್ಳಬೇಕಿತ್ತು. ಕ್ಲಬ್ ಛೆಟ್ರಿ ಮತ್ತು ಉದಾಂತರನ್ನು ಉಳಿಸಿಕೊಂಡಿತು, ಯುವ ರಕ್ಷಣಾ ಆಟಗಾರ ನಿಶು ಕುಮಾರ್ ಅವರನ್ನೂ ಬಿಡಲಿಲ್ಲ. ವಿನೀತ್, ರಿನೊ ಆಂಟೊ ಕೇರಳ ಬ್ಲಾಸ್ಟರ್ಸ್‌ಗೆ ಹೋದರು. ಲಿಂಗ್ಡೊ ಕೋಲ್ಕತ್ತಕ್ಕೆ ಹೋದರು. ವಿದೇಶಿಯರಲ್ಲಿ ಜಾನ್ಸನ್ ಮತ್ತು ಹುವಾನನ್ ಮುಂದುವರಿದರು.

ಹೊಸದಾಗಿ ಬಂದವರ ಆಯ್ಕೆ ಚೆನ್ನಾಗಿತ್ತು. ನಾರ್ವೆಯ ಸ್ಟಾಬೆಕ್ ಕ್ಲಬ್ಬಿನಿಂದ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಬಂದರು. ಯುರೋಪಾ ಲೀಗ್‌ನಲ್ಲಿ ಆಡಿದ ಮೊದಲ ಭಾರತೀಯ ಅವರು. ರಕ್ಷಣೆಗೆ ರಾಹುಲ್ ಭೇಕೆ, ಹರ್ಮನ್‌ಜೋತ್ ಖಾಬ್ರಾ, ಸುಭಾಶಿಷ್ ಬೋಸ್ ಸೇರಿದರು. ನಡುಮೈದಾನಕ್ಕೆ ಸ್ಪೇನಿನ ಡಿಮಾಸ್ ಡೆಲ್ಗಾಡೊ ಮತ್ತು ಆಸ್ಟ್ರೇಲಿಯಾದ ಎರಿಕ್ ಪಾರ್ಟಲು. ಡಿಮಾಸ್ ಕಾಲಲ್ಲಿ ನಿಖರತೆ, ಪಾರ್ಟಲು ಅವರಲ್ಲಿ ಎತ್ತರ ಮತ್ತು ಕಸುವು. ಮುಂದೆ ವೆನೆಜುವೆಲಾದ ನಿಕೊಲಾಸ್ ಫೆಡೋರ್. ಎಲ್ಲರ ಬಾಯಲ್ಲಿ ಅವರು ಮಿಕು. ಈ ತಂಡ ಸೂಪರ್ ಲೀಗಿನ ಮೊದಲ ವರ್ಷವೇ ಲೀಗ್ ಹಂತದಲ್ಲಿ ಅಗ್ರಸ್ಥಾನ ಪಡೆಯಿತು. ಮಿಕು 15 ಗೋಲು, ಛೆಟ್ರಿ 14 ಗೋಲು ಹೊಡೆದರು. 2018ರ ಮಾರ್ಚ್ 17ರಂದು ಕಂಠೀರವದಲ್ಲೇ ನಡೆದ ಫೈನಲ್‌ನಲ್ಲಿ ಚೆನ್ನೈಯಿನ್ ತಂಡಕ್ಕೆ 2–3ರಿಂದ ಸೋತಿತು. ಮುನ್ನಡೆ ಕೊಟ್ಟದ್ದು ಛೆಟ್ರಿ. ಆದರೆ ಚೆನ್ನೈಯಿನ್ ರಕ್ಷಣಾ ಆಟಗಾರ ಮೈಲ್ಸನ್ ಕಾರ್ನರ್ ಕಿಕ್‌ಗಳಿಂದ ತಲೆಯಲ್ಲಿ ಎರಡು ಗೋಲು ಹೊಡೆದರು. ಮುಂದಿನ ತಿಂಗಳು ಭುವನೇಶ್ವರದಲ್ಲಿ ಈಸ್ಟ್ ಬೆಂಗಾಲನ್ನು 4–1ರಿಂದ ಸೋಲಿಸಿ ಸೂಪರ್ ಕಪ್ ಗೆದ್ದದ್ದು ಒಂದು ಸಮಾಧಾನ.

ರೋಕಾ ನಂತರ ಅವರ ಸಹಾಯಕ ಕಾರ್ಲೆಸ್ ಕ್ವಾದ್ರಾತ್ ಹೊಣೆ ಹೊತ್ತರು. ಜಾನ್ಸನ್ ಐದು ವರ್ಷದ ನಂತರ ಹೊರಟರು. ಉಳಿದ ಬೆನ್ನೆಲುಬು ಹಾಗೇ ನಿಂತಿತು. 2019ರ ಮಾರ್ಚ್ 17ರಂದು, ಹಿಂದಿನ ವರ್ಷ ಸೋತ ಅದೇ ತಾರೀಖಿನಂದು, ಮುಂಬೈಯ ಅಂಧೇರಿಯಲ್ಲಿ ಗೋವಾ ತಂಡದ ಎದುರು ಫೈನಲ್. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಅವಧಿಯ ಮೊದಲರ್ಧದ ಕೊನೆಯಲ್ಲಿ ಗೋವಾದ ಅಹ್ಮದ್ ಜಾಹೂ ಕೆಂಪು ಕಾರ್ಡ್ ಪಡೆದು ಹೊರನಡೆದರು. ಪೆನಾಲ್ಟಿ ಶೂಟೌಟ್‌ಗೆ ಕೆಲವೇ ನಿಮಿಷ ಬಾಕಿ. ಡಿಮಾಸ್ ಕಾರ್ನರ್ ಕಿಕ್ ತೆಗೆದರು. ಪೆನಾಲ್ಟಿ ಪೆಟ್ಟಿಗೆಯೊಳಗೆ ಏರಿ ಬಂದ ರಾಹುಲ್ ಭೇಕೆ ಚೆಂಡಿಗೆ ತಲೆಕೊಟ್ಟರು. ಚೆಂಡು ಕಂಬಕ್ಕೆ ತಾಗಿ ಒಳಗೆ ಹೋಯಿತು. ಆ ಒಂದೇ ಗೋಲಿನಿಂದ ಬೆಂಗಳೂರು ಮೊದಲ ಬಾರಿ ಸೂಪರ್ ಲೀಗ್ ಚಾಂಪಿಯನ್ ಆಯಿತು. ಆ ಋತುವಿನ ಅತ್ಯುತ್ತಮ ಗೋಲ್‌ಕೀಪರ್ ಪ್ರಶಸ್ತಿ ಗುರ್‌ಪ್ರೀತ್ ಪಾಲಾಯಿತು.

ಮುಂದಿನ ಮೂರು ವರ್ಷ ಇಳಿಜಾರು. ಮಿಕು ಹೋದರು. ಕೇರಳದ ಆಶಿಕ್ ಕುರುಣಿಯನ್ ಮತ್ತು ಮಣಿಪುರದ ಸುರೇಶ್ ಸಿಂಗ್ ವಾಂಗ್ಜಾಮ್ ಬಂದರು. ಸುರೇಶ್ 2017ರಲ್ಲಿ ಭಾರತದಲ್ಲೇ ನಡೆದ ಹದಿನೇಳು ವರ್ಷದೊಳಗಿನವರ ವಿಶ್ವಕಪ್ ತಂಡದಲ್ಲಿದ್ದವರು. 2020ರಲ್ಲಿ ಕೋವಿಡ್ ಬಂತು. ಎರಡು ಋತುಗಳ ಎಲ್ಲ ಪಂದ್ಯಗಳೂ ಗೋವಾದಲ್ಲಿ ನಡೆದವು; ಕಂಠೀರವ ಖಾಲಿ ಬಿದ್ದಿತು. ಕ್ವಾದ್ರಾತ್ 2021ರ ಜನವರಿಯಲ್ಲಿ ಹುದ್ದೆ ಬಿಟ್ಟರು. ಅದೇ ವರ್ಷ ಹುವಾನನ್, ಡಿಮಾಸ್, ಪಾರ್ಟಲು ಎಲ್ಲರೂ ಹೋದರು. ಕ್ಲಬ್ ಒಮ್ಮೆ ಏಳನೇ, ಮತ್ತೊಮ್ಮೆ ಆರನೇ ಸ್ಥಾನಕ್ಕೆ ಇಳಿಯಿತು. ಈ ವರ್ಷಗಳ ಲಾಭವೆಂದರೆ ಬ್ರೆಜಿಲ್‌ನ ಕ್ಲೇಟನ್ ಸಿಲ್ವಾ ಹೊಡೆದ ಗೋಲುಗಳು, ಮತ್ತು ಮಣಿಪುರದ ರೋಶನ್ ಸಿಂಗ್ ನವೊರೆಮ್ ಎಂಬ ಯುವಕನ ಉದಯ. ಎಡಬದಿಯಲ್ಲಿ ಓಡಿ ಚೆಂಡನ್ನು ಪೆಟ್ಟಿಗೆಗೆ ಕಳಿಸುವುದರಲ್ಲಿ ಪಳಗಿದ ರೋಶನ್ 2021–22ರ ಉದಯೋನ್ಮುಖ ಆಟಗಾರ ಪ್ರಶಸ್ತಿ ಪಡೆದರು.

2022ರಲ್ಲಿ ಇಂಗ್ಲೆಂಡಿನ ಸೈಮನ್ ಗ್ರೇಸನ್ ಕೋಚ್ ಆದರು. ಫಿಜಿಯ ರಾಯ್ ಕೃಷ್ಣ, ಸ್ಪೇನಿನ ಹಾವಿ ಹೆರ್ನಾಂಡೆಸ್, ಭಾರತದ ಅನುಭವಿ ರಕ್ಷಣಾ ಆಟಗಾರ ಸಂದೇಶ್ ಝಿಂಗನ್ ಸೇರಿದರು. ತಮಿಳುನಾಡಿನ ಶಿವಶಕ್ತಿ ನಾರಾಯಣನ್ ಕ್ಲಬ್ಬಿನ ಎರಡನೇ ತಂಡದಿಂದ ಮೇಲೆ ಬಂದರು. ಆ ಸೆಪ್ಟೆಂಬರ್‌ನಲ್ಲಿ ಕೋಲ್ಕತ್ತದಲ್ಲಿ ಮುಂಬೈ ಸಿಟಿಯನ್ನು 2–1ರಿಂದ ಸೋಲಿಸಿ ಬೆಂಗಳೂರು ಡುರಾಂಡ್ ಕಪ್ ಗೆದ್ದಿತು. ಮೊದಲ ಗೋಲು ಶಿವಶಕ್ತಿಯವರದು. 1888ರಲ್ಲಿ ಆರಂಭವಾದ, ದೇಶದ ಅತಿ ಹಳೆಯ ಫುಟ್‌ಬಾಲ್ ಪಂದ್ಯಾವಳಿ ಅದು. ಲೀಗಿನಲ್ಲಿ ಮೊದಮೊದಲು ಸೋಲುಗಳೇ ಹೆಚ್ಚಿದ್ದರೂ ಕೊನೆಯ ಎಂಟು ಪಂದ್ಯಗಳನ್ನು ಸತತವಾಗಿ ಗೆದ್ದ ತಂಡ ಫೈನಲ್ ತಲುಪಿತು. 2023ರ ಮಾರ್ಚ್ 18ರಂದು ಎಟಿಕೆ ಮೋಹನ್ ಬಾಗಾನ್ ಎದುರು 2–2ರಲ್ಲಿ ಸಮವಾದ ಪಂದ್ಯ ಪೆನಾಲ್ಟಿ ಶೂಟೌಟ್‌ನಲ್ಲಿ ಕೈತಪ್ಪಿತು. ಆ ಋತುವಿನ ಬಳಿಕ ಉದಾಂತ, ರಾಯ್ ಕೃಷ್ಣ, ಝಿಂಗನ್ ಹೊರಟರು. ಮುಂದಿನ ಋತುವಿನಲ್ಲಿ ತಂಡ ಹತ್ತನೇ ಸ್ಥಾನಕ್ಕೆ ಕುಸಿಯಿತು.

ಸ್ಪೇನಿನ ಜೆರಾರ್ಡ್ ಸರಗೋಸಾ 2023ರ ಡಿಸೆಂಬರಿನಲ್ಲಿ ಬಂದು ಮತ್ತೆ ಕಟ್ಟಿದರು. 2024–25ರ ತಂಡದಲ್ಲಿ ಸ್ಪೇನಿನ ಆಲ್ಬರ್ಟೊ ನೊಗೆರಾ, ಎಡ್ಗರ್ ಮೆಂಡೆಸ್, ಪೆಡ್ರೊ ಕಾಪೊ, ಅರ್ಜೆಂಟೀನಾದ ಹೋರ್ಹೆ ಪೆರೇರಾ ಡಿಯಾಸ್, ಪರ್ತ್‌ನಲ್ಲಿ ಹುಟ್ಟಿದ ರಯಾನ್ ವಿಲಿಯಮ್ಸ್ ಇದ್ದರು. ಋತುವಿನ ಮೊದಲ ಪಂದ್ಯದಲ್ಲೇ ಈಸ್ಟ್ ಬೆಂಗಾಲ್ ಎದುರು ಗೆಲುವಿನ ಗೋಲು ಹೊಡೆದದ್ದು ಕ್ಲಬ್ಬಿನ ಯುವ ತಂಡದಲ್ಲಿ ಬೆಳೆದ ವಿನಿತ್ ವೆಂಕಟೇಶ್. ತಂಡ ಫೈನಲ್ ಮುಟ್ಟಿ, 2025ರ ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ಮೋಹನ್ ಬಾಗಾನ್‌ಗೆ ಹೆಚ್ಚುವರಿ ಅವಧಿಯಲ್ಲಿ 1–2ರಿಂದ ಸೋತಿತು. ತಾಯಿಯ ಕಡೆಯಿಂದ ಮುಂಬಯಿಯ ಬೇರುಳ್ಳ ರಯಾನ್ ವಿಲಿಯಮ್ಸ್ ಅದೇ ವರ್ಷ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಭಾರತದ ಪೌರತ್ವ ಪಡೆದರು.

ಈ ಎಲ್ಲ ಬದಲಾವಣೆಗಳ ನಡುವೆ ಬದಲಾಗದ ಹೆಸರು ಸುನಿಲ್ ಛೆಟ್ರಿ. ಐ-ಲೀಗ್ ಗೆದ್ದ ಎರಡೂ ತಂಡಗಳಲ್ಲಿ ಅವರಿದ್ದರು, ಸೂಪರ್ ಲೀಗ್ ಗೆದ್ದ ತಂಡಕ್ಕೆ ನಾಯಕರಾಗಿದ್ದರು, ಡುರಾಂಡ್ ಕಪ್ ಎತ್ತಿದ್ದೂ ಅವರೇ. ಎತ್ತರದ ಆಳಲ್ಲ. ಆದರೂ ತಲೆಯಿಂದ ಹೊಡೆದ ಗೋಲುಗಳು ಅವರ ಲೆಕ್ಕದಲ್ಲಿ ಬಹಳ. ಚೆಂಡು ಎಲ್ಲಿ ಬೀಳುತ್ತದೆ ಎಂಬುದನ್ನು ರಕ್ಷಣಾ ಆಟಗಾರನಿಗಿಂತ ಅರೆಕ್ಷಣ ಮೊದಲೇ ಗುರುತಿಸಿ, ಅಲ್ಲಿಗೆ ತಲುಪಿ, ನೆಗೆಯುವ ಹೊತ್ತನ್ನು ಸರಿಯಾಗಿ ಹಿಡಿಯುವುದು ಅವರ ಕೌಶಲ. 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ಅಂತರರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿದರು. ಕ್ಲಬ್ಬಿಗೆ ಆಡುವುದನ್ನು ಬಿಡಲಿಲ್ಲ. ಆ ಡಿಸೆಂಬರಿನಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು ಹ್ಯಾಟ್ರಿಕ್ ಹೊಡೆದಾಗ ಅವರ ವಯಸ್ಸು ನಲವತ್ತು. ಸೂಪರ್ ಲೀಗಿನಲ್ಲಿ ಹ್ಯಾಟ್ರಿಕ್ ಹೊಡೆದ ಅತಿ ಹಿರಿಯ ಆಟಗಾರ ಅವರಾದರು. ಆ ಋತುವಿನಲ್ಲಿ ಒಟ್ಟು 14 ಗೋಲು. ಆ ಆಟ ಕಂಡು ಭಾರತ ತಂಡ 2025ರ ಮಾರ್ಚ್‌ನಲ್ಲೇ ಅವರನ್ನು ಮತ್ತೆ ಕರೆಯಿತು.

ವಿದೇಶಿ ಆಟಗಾರರ ಪಾತ್ರವನ್ನು ನಿಯಮಗಳೇ ರೂಪಿಸಿವೆ. ಐ-ಲೀಗಿನಲ್ಲಿ ನಾಲ್ವರು ವಿದೇಶಿಯರಿಗೆ ಅವಕಾಶವಿತ್ತು. ಅವರಲ್ಲಿ ಒಬ್ಬರು ಏಷ್ಯಾದವರಾಗಿರಬೇಕಿತ್ತು. 2017–18ರ ಸೂಪರ್ ಲೀಗಿನಲ್ಲಿ ಒಮ್ಮೆಗೆ ಐವರು ವಿದೇಶಿಯರು ಮೈದಾನದಲ್ಲಿರಬಹುದಿತ್ತು. 2021–22ರಿಂದ ಆ ಸಂಖ್ಯೆ ನಾಲ್ಕಕ್ಕಿಳಿಯಿತು. ಹನ್ನೊಂದರಲ್ಲಿ ಏಳು ಮಂದಿ ಭಾರತೀಯರೇ ಆಗಿರಬೇಕು. ಈ ಏಳರಲ್ಲಿ ಯಾರಿದ್ದಾರೆ ಎಂಬುದೇ ಈಗ ತಂಡದ ಬಲಾಬಲವನ್ನು ನಿರ್ಧರಿಸುತ್ತದೆ. ಬೆಂಗಳೂರಿನ ಏಳರಲ್ಲಿ ಮಣಿಪುರದ ಪಾಲು ದೊಡ್ಡದು. ಉದಾಂತ, ಸುರೇಶ್, ರೋಶನ್ ಮೂವರೂ ಅಲ್ಲಿಯವರೇ. ಹಳ್ಳಿಹಳ್ಳಿಯಲ್ಲಿ ಫುಟ್‌ಬಾಲ್ ಮೈದಾನವಿರುವ, ಚಿಕ್ಕಂದಿನಿಂದಲೇ ಸ್ಪರ್ಧೆಗೆ ಇಳಿಯುವ ರಾಜ್ಯದಿಂದ ಆಟಗಾರರು ಬರುವುದರಲ್ಲಿ ಅಚ್ಚರಿಯಿಲ್ಲ.

ಕರ್ನಾಟಕದ ಪಾಲು ಅದಕ್ಕೆ ಹೋಲಿಸಿದರೆ ಕಡಿಮೆ. ಶಂಕರ್ ಸಂಪಂಗಿರಾಜ್ ನಂತರ ಬೆಂಗಳೂರಿನ ಲಿಯೋನ್ ಅಗಸ್ಟಿನ್ ಮುನ್ಪಡೆಯಲ್ಲಿ ಅವಕಾಶ ಪಡೆದರು. ಬೆರಳೆಣಿಕೆಯ ಇಂಥ ಹೆಸರುಗಳನ್ನು ಬಿಟ್ಟರೆ ಮೊದಲ ಹನ್ನೊಂದರಲ್ಲಿ ನೆಲೆನಿಂತ ಕನ್ನಡನಾಡಿನ ಹುಡುಗರು ವಿರಳ. ರಾಜ್ಯದಲ್ಲಿ ಪ್ರತಿಭೆಯಿಲ್ಲ ಎಂದು ಇದರ ಅರ್ಥವಲ್ಲ. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ, ರಾಜ್ಯ ತಂಡಗಳ ರಾಷ್ಟ್ರೀಯ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ಎಂಬ ಹೆಸರಿನಲ್ಲಿ ರಾಜ್ಯ ಕೊನೆಯ ಬಾರಿ ಆ ಟ್ರೋಫಿ ಗೆದ್ದದ್ದು 1968–69ರಲ್ಲಿ. ಅರ್ಧ ಶತಮಾನಕ್ಕೂ ಮೀರಿದ ಕಾಯುವಿಕೆ ಅಂದು ಕೊನೆಗೊಂಡಿತು.

ಕ್ಲಬ್ಬಿನಲ್ಲಿ ಕನ್ನಡನಾಡಿನ ಹುಡುಗರ ಕೊರತೆ ತುಂಬುವ ದಾರಿಯೂ ತೆರೆದಿದೆ. ಕ್ಲಬ್ಬಿನ ವಸತಿ ಅಕಾಡೆಮಿ ನೆಲೆಯಾದದ್ದು ಬಳ್ಳಾರಿ ಜಿಲ್ಲೆಯ ತೋರಣಗಲ್ ಬಳಿ, ಜೆಎಸ್‌ಡಬ್ಲ್ಯು ವಿಜಯನಗರದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ. ಅದು ಬೆಂಗಳೂರಿನಲ್ಲಲ್ಲ, ಕಲ್ಯಾಣ ಕರ್ನಾಟಕದ ನೆಲದಲ್ಲೇ ಇದೆ. ಅಲ್ಲಿ ಸೇರಿದ ಹುಡುಗರು ಶಾಲೆಯ ಓದಿನ ಜೊತೆಗೆ ಆಟ ಕಲಿಯುತ್ತಾರೆ. ಹದಿಮೂರು, ಹದಿನೈದು, ಹದಿನೆಂಟು ವರ್ಷದೊಳಗಿನವರ ತಂಡಗಳಲ್ಲಿ ಹಂತಹಂತವಾಗಿ ಏರಿ, ಎರಡನೇ ತಂಡಕ್ಕೆ ಬಂದು, ಬೆಂಗಳೂರಿನ ಸೂಪರ್ ಡಿವಿಷನ್ ಲೀಗಿನಲ್ಲಿ ಹಿರಿಯರ ಎದುರು ಆಡಿ ಪಳಗುತ್ತಾರೆ. 2022ರಲ್ಲಿ ಮೊದಲ ಬಾರಿ ನಡೆದ ರಿಲಯನ್ಸ್ ಫೌಂಡೇಷನ್ ಡೆವಲಪ್‌ಮೆಂಟ್ ಲೀಗನ್ನು ಗೆದ್ದದ್ದು ಬೆಂಗಳೂರಿನ ಯುವ ತಂಡ.

ವೃತ್ತಿಪರ ಆಟದ ಅನಿಶ್ಚಿತತೆಯನ್ನು ಮಾತ್ರ ಮರೆಯುವಂತಿಲ್ಲ. 2025ರಲ್ಲಿ ಲೀಗಿನ ವಾಣಿಜ್ಯ ಒಪ್ಪಂದದ ನವೀಕರಣ ಬಗೆಹರಿಯದೆ ಸೂಪರ್ ಲೀಗ್ ಎಂದಿನ ಕಾಲಕ್ಕೆ ಶುರುವಾಗಲಿಲ್ಲ. ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ತಡೆಹಿಡಿಯುವುದಾಗಿ ಬೆಂಗಳೂರು ಕ್ಲಬ್ ಆ ಆಗಸ್ಟ್‌ನಲ್ಲಿ ಪ್ರಕಟಿಸಿತು. ಯುವ ತಂಡಗಳ ಕೆಲಸ ಮುಂದುವರಿಯುತ್ತದೆ ಎಂದೂ ಹೇಳಿತು. ಕೋಟಿ ಬೆಲೆಯ ಆಟಗಾರನ ದುಡಿಮೆಯೂ ಲೀಗ್ ನಡೆದರೆ ಮಾತ್ರ ನಡೆಯುತ್ತದೆ. ಫುಟ್‌ಬಾಲಿಗೆ ಇಳಿಯುವ ಹುಡುಗ ಓದನ್ನು ಕೈಬಿಡಬಾರದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಡ.

ಬೀದರ್ ನಗರ, ಭಾಲ್ಕಿ, ಔರಾದ್‌ಗಳ ಮಕ್ಕಳಿಗೆ ಈ ಚರಿತ್ರೆಯಿಂದ ಸಿಗುವ ತಿಳಿವಳಿಕೆ ಸರಳವಾದದ್ದು. ಉದಾಂತ, ಸುರೇಶ್, ಶಿವಶಕ್ತಿ ದೊಡ್ಡ ನಗರಗಳಲ್ಲಿ ಹುಟ್ಟಿದವರಲ್ಲ. ಊರಿನ ಮೈದಾನದಲ್ಲಿ ಕಲಿತರು, ಹದಿಹರೆಯದಲ್ಲಿ ಅಕಾಡೆಮಿ ಸೇರಿದರು, ಕಲಿತದ್ದನ್ನು ಬಿಡದೆ ನಿಂತರು. ಬೀದರಿನಿಂದ ಪೂರ್ವಕ್ಕೆ ಮೂರು ನಾಲ್ಕು ಗಂಟೆಯ ದಾರಿಯಲ್ಲಿ ಹೈದರಾಬಾದಿನ ದೊಡ್ಡ ಪರಂಪರೆಯಿದೆ. ದಕ್ಷಿಣಕ್ಕೆ ತೋರಣಗಲ್ಲಿನ ಅಕಾಡೆಮಿಯಿದೆ. ನಡುವೆ ಬೇಕಾದದ್ದು ತಾಲ್ಲೂಕು ಮಟ್ಟದಲ್ಲಿ ಒಂದು ಸಮತಟ್ಟು ಮೈದಾನ, ಎರಡು ಗೋಲು ಕಂಬ, ಆಟ ಬಲ್ಲ ಒಬ್ಬ ದೈಹಿಕ ಶಿಕ್ಷಕ, ಮತ್ತು ವರ್ಷಕ್ಕೆ ಒಂದೆರಡು ದಿನದ ಪಂದ್ಯವಲ್ಲ, ತಿಂಗಳುಗಟ್ಟಲೆ ನಡೆಯುವ ಒಂದು ಶಾಲಾ ಲೀಗ್. ಹನ್ನೆರಡು ವರ್ಷದೊಳಗೆ ಚೆಂಡು ಕಾಲಿಗೆ ಸಿಗದ ಹುಡುಗನನ್ನು ಯಾವ ಅಕಾಡೆಮಿಯೂ ಆರಿಸಲಾರದು. ಶಾಲೆಗಳ ಮುಖ್ಯಸ್ಥರು, ಗ್ರಾಮ ಪಂಚಾಯಿತಿಗಳು, ತಂದೆತಾಯಿಗಳು ಈ ಕೆಲಸವನ್ನು ಈ ವರ್ಷವೇ ಕೈಗೆತ್ತಿಕೊಳ್ಳಬೇಕು. ಬೆಂಗಳೂರಿನ ಹೆಸರು ಹೊತ್ತ ಕ್ಲಬ್ ಇಡೀ ಕರ್ನಾಟಕದ ಕ್ಲಬ್ ಆಗುವುದು ಅದರ ಹನ್ನೊಂದರಲ್ಲಿ ರಾಜ್ಯದ ಎಲ್ಲ ಮೂಲೆಗಳ ಮಕ್ಕಳು ಕಾಣಿಸಿಕೊಂಡಾಗಲೇ.